ಕೇಳುಕಟ್ಟೆಗೆ ಆ ಹೆಸರು ಬಂದದ್ದು

ಹಿರೇಮದಗದ ಕೆರೆಯ ಏರಿ ಇಳಿದು ಮೂಡಲಿಗೆ ನಡೆದರೆ ಬೇವಿನ ಮರದ ಕೆಳಗೆ ಮೊಣಕಾಲೆತ್ತರದ ಕಲ್ಲುಕಟ್ಟೆಯೊಂದು ಸಿಗುತ್ತದೆ. ಅದರ ಸುತ್ತ ಹಬ್ಬಿದ ಊರಿಗೂ ಅದರದೇ ಹೆಸರು, ಕೇಳುಕಟ್ಟೆ. ಅಲ್ಲಿ ದೇವರಿಲ್ಲ, ವೀರಗಲ್ಲಿಲ್ಲ. ಆದರೂ ಊರಿನವರು ಚಪ್ಪಲಿ ಬಿಟ್ಟೇ ಅದನ್ನು ಹತ್ತುತ್ತಾರೆ.

ಹಿಂದೆ ಒಮ್ಮೆ ಈ ಸೀಮೆಯನ್ನಾಳುತ್ತಿದ್ದ ಚಿಕ್ಕೋಬಳ ನಾಯಕ, ಕೆರೆ ತೋಡಲು ಬಂದವರು ಗುಡಿಸಲುಗಳಲ್ಲಿ ನೆನೆಯುವುದನ್ನು ಕಂಡು, ತಾನೇ ಮುಂದೆ ನಿಂತು ನಲವತ್ತು ಮನೆ ಕಟ್ಟಿಸಿದನಂತೆ. ಅದುವರೆಗೆ ಯಾವ ದೊರೆಯೂ ಅಂಥ ಕೆಲಸ ಮಾಡಿರಲಿಲ್ಲ. ಎಲ್ಲ ಮನೆಗಳಿಗೂ ಒಂದೇ ಅಳತೆ. ಬಾಗಿಲುಗಳೆಲ್ಲ ಪಡುವಣದಲ್ಲಿದ್ದ ಅವನ ಕೋಟೆಯ ಕಡೆಗೆ. ಆದರೆ ಆಷಾಢ ಕಾಲಿಟ್ಟಿದ್ದೇ ತಡ, ಜನ ಒಬ್ಬೊಬ್ಬರಾಗಿ ಹಳೆಯ ಗುಡಿಸಲಿಗೆ ಮರಳಿದರು. ನಾಯಕನಿಗೆ ಮುಖಕ್ಕೆ ಹೊಡೆದಂತಾಯಿತು. ಹುಣ್ಣಿಮೆಯೊಳಗೆ ಮನೆ ಸೇರದವರು ಸೀಮೆ ಬಿಡಬೇಕೆಂದು ಡಂಗುರ ಸಾರಿಸಿದ.

ಮಣ್ಣು ಹೊರುತ್ತಿದ್ದ ಗಾದ್ರಕ್ಕನೂ ಹಾಗೆ ಗುಡಿಸಲಿಗೆ ಮರಳಿದವಳು. ತಾನು ಹೊತ್ತ ಮಣ್ಣಿನ ಏರಿ ದಿನದಿನವೂ ಮೇಲೇಳುತ್ತಿತ್ತು. ಅದಕ್ಕೆ ನೀರು ತಾಗುವುದನ್ನು ನೋಡದೆ ಹೋಗುವ ಮನಸ್ಸು ಅವಳಿಗಿರಲಿಲ್ಲ. ನಾಯಕ ಕೆಲಸ ನೋಡಲು ಬಂದ ದಿನ ಬುಟ್ಟಿ ಇಳಿಸಿ ಅಡ್ಡ ನಿಂತಳು. “ನನ್ನೊಡೆಯಾ, ಒಂದು ಹೊತ್ತು ನೀವು ಕಟ್ಟಿಸಿದ ಮನೇಲಿ ಉಂಡು ಹೋಗಬೇಕು. ಆಮೇಲೆ ಹೋಗಿ ಅಂದ್ರೆ ಹೋಗ್ತೀವಿ.”

ನಾಯಕ ಒಪ್ಪಿ ಒಳಗೆ ಕೂತ. ಗಾದ್ರಕ್ಕ ಒಲೆ ಹೊತ್ತಿಸಿದಳು. ಪಡುವಣ ಗಾಳಿ ಬಾಗಿಲಿಂದ ನುಗ್ಗಿ ಹೊಗೆಯನ್ನೆಲ್ಲ ಒಳಗೇ ಒತ್ತಿತು. ಮುದ್ದೆಯ ಎಸರು ಕುದಿಯುವ ಮೊದಲೇ ನಾಯಕ ಕೆಮ್ಮುತ್ತ ಹೊರಗೋಡಿ ಬೇವಿನ ಬುಡದ ಕಲ್ಲಿನ ಮೇಲೆ ಕುಸಿದ. ಮೀಸೆಯ ತುಂಬ ಬೂದಿ. ಗಾದ್ರಕ್ಕನಿಗೆ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ತಪ್ಪಾಯಿತೆಂದು ಸೆರಗನ್ನು ಬಾಯಿಗೊತ್ತಿಕೊಂಡಳು. ಆದರೆ ಅಷ್ಟರಲ್ಲಿ ನಾಯಕನೂ ನಗತೊಡಗಿದ್ದ. “ತಾಯೀ, ಬಾಗಿಲು ಎಲ್ಲಿಡಬೇಕಿತ್ತು?” ಎಂದ.

“ಮೂಡಲಿಗೆ, ಒಡೆಯಾ. ಕಟ್ಟೋಕೆ ಮುಂಚೆ ಒಂದು ಮಾತು ಕೇಳಿದ್ರೆ ಹೇಳ್ತಿದ್ವಿ.”

ನಾಯಕ ಆ ಕಲ್ಲಿನಿಂದ ಏಳದೆ ನಲವತ್ತು ಮನೆಯವರನ್ನೂ ಕರೆಸಿ ಕೇಳಿದ. ಡಂಗುರದ ಮಾತು ಅಲ್ಲೇ ಬಿದ್ದುಹೋಯಿತು. ಇರುವವರನ್ನು ಕೇಳದೆ ಮನೆ ಕಟ್ಟಬಾರದೆಂಬುದು ಸೀಮೆಯ ಕಟ್ಟಳೆಯಾಯಿತು. ಕಲ್ಲಿನ ಸುತ್ತ ಜನ ಕಟ್ಟೆ ಕಟ್ಟಿ ಕೇಳುಕಟ್ಟೆ ಎಂದರು. ಮುಂದೆ ನಾಯಕನ ಸೊಸೆ ಆಳುವಾಗ ಹೆಂಗಸರನ್ನೇ ಮೊದಲು ಕೇಳಬೇಕೆಂದಳು. ಮೊಮ್ಮಗ, ಒಂದು ಮಳೆಗಾಲ ಕಳೆದ ಮೇಲೆ ಇನ್ನೊಮ್ಮೆ ಕೇಳಬೇಕೆಂದು ಸೇರಿಸಿದ ಎನ್ನುತ್ತಾರೆ. ಕೆರೆ ತುಂಬಿದ ವರ್ಷ ಗಾದ್ರಕ್ಕ ಹೊಸ ಬಾಗಿಲಿಗೆ ತೋರಣ ಕಟ್ಟಿ, ಅಂದು ನಿಂತುಹೋದ ಊಟಕ್ಕೆ ನಾಯಕನನ್ನು ಕರೆದಳಂತೆ. ಆತ ಎರಡು ಮುದ್ದೆ ಉಂಡು, ಮೂರನೆಯದಕ್ಕೂ ಕೈಯೊಡ್ಡಿದನಂತೆ.

ಇಂದು ಹೋದವರಿಗೂ ಹಳೆಯ ಸಾಲಿನ ಪಡುವಣ ಗೋಡೆಗಳಲ್ಲಿ, ಕಲ್ಲುಮಣ್ಣು ತುಂಬಿ ಮುಚ್ಚಿದ ನಲವತ್ತು ಬಾಗಿಲುಗಳ ಗುರುತು ಕಾಣುತ್ತದೆ. ಮೂಡಲ ಬಾಗಿಲುಗಳು ಮಾತ್ರ ಹಗಲೆಲ್ಲ ತೆರೆದೇ ಇರುತ್ತವೆ.