ಮೂರು ಸಾಲಿ ಕಲಿತವನು

ಹೊಳೆದಂಡೆಯ ಆಶ್ರಮದಲ್ಲಿ ಮುರಿಗೆಯ್ಯ ಎಂಬ ಗುರುಗಳಿದ್ದರು. ನೋವಿದ್ದ ಕಡೆ ಸೂಜಿ ಚುಚ್ಚಿ, ಸೂಜಿಗೆ ಸಣ್ಣಗೆ ಕರೆಂಟು ಹರಿಸಿ ವಾಸಿ ಮಾಡುವರು.

ಅವರ ಹತ್ತಿರ ಚಿದಂಬರ ಬಂದ. ಬರುವ ಮೊದಲೇ ಮೂರು ಸಾಲಿ, ಅಂದರೆ ಮೂರು ಶಾಲೆ, ಮುಗಿಸಿದ್ದ. ಪ್ರಕೃತಿ ಚಿಕಿತ್ಸೆಯವರು ಸೂಜಿ ಎಲ್ಲಿ ಚುಚ್ಚಬೇಕೆಂದು ರಬ್ಬರ್ ಗೊಂಬೆಯ ಮೇಲೆ ಕಲಿಸಿದ್ದರು. ಫಿಸಿಯೋಥೆರಪಿಯವರಲ್ಲಿ ಆರು ತಿಂಗಳು ಕರೆಂಟು ಹರಿಸುವ ಮೆಷಿನ್ನಿನ ಗುಂಡಿ ತಿರುಗಿಸಿದ್ದೇ ತಿರುಗಿಸಿದ್ದು. ಡಾಕ್ಟರ ಕಾಲೇಜಿನಲ್ಲಿ ಎರಡೇ ದಿನದ ಪಾಠ. ಕರೆಂಟು ಯಾರಿಗೆ ಕೊಡಬಾರದು ಎಂದು ಬರೆಸಿ ಕಳಿಸಿದ್ದರು.

"ಒಂದ ಸೂಜಿ, ಮೂರು ಮನಿ ಅಡಗಿ," ಎಂದು ಗುರುಗಳು ನಕ್ಕರು. "ಹೊಟ್ಟಿ ತುಂಬಿತೇನೋ?"

"ತುಂಬೇತ್ರೀ."

ಹಾಗಾದರೆ ಇವತ್ತಿನ ರೋಗಿಯನ್ನು ನೀನೇ ನೋಡು, ನಾನು ನಡುವೆ ಬರುವ ಪ್ರಸಂಗ ಬರದಿದ್ದರೆ ನಾಳೆಯಿಂದ ಒಬ್ಬನೇ ಮಾಡುವಿಯಂತೆ ಎಂದರು.

ಮೊಣಕಾಲು ನೋವಿನ ಕಲ್ಲವ್ವ ಬಂದಳು, ಗಂಡ ದ್ಯಾಮಣ್ಣನ ಕೈ ಹಿಡಿದು.

ಜೊತೆಗೆ ಬಂದವರನ್ನು ಹೊರಗೆ ಕೂರಿಸಬೇಕು. ಇದೊಂದನ್ನು ಮಾತ್ರ ಮೂರು ಸಾಲಿಯವರೂ ಒಂದೇ ಥರ ಕಲಿಸಿದ್ದರು. ದ್ಯಾಮಣ್ಣ ಏನೋ ಹೇಳಲು ಬಾಯಿ ತೆರೆದ. ಆಮೇಲೆ ಹೇಳುವಿರಂತೆ ಎಂದು ಚಿದಂಬರ ಅವನನ್ನು ಚಪ್ಪಲಿ ಬಿಡುವ ಕಡೆ ಕೂರಿಸಿ ಬಂದ.

ಗುರುಗಳು ನೋಡುತ್ತ ಕೂತಿದ್ದರು.

ಕೇಳಬೇಕಾದ್ದನ್ನೆಲ್ಲ ಚಿದಂಬರ ಪುಸ್ತಕದ ಮಾತಿನಲ್ಲಿ ಕೇಳಿದ. ಕಲ್ಲವ್ವನಿಗೆ ಅರ್ಧ ತಿಳಿಯಲಿಲ್ಲ. ಎಲ್ಲಕ್ಕೂ ಇಲ್ಲವೆಂದು ತಲೆಯಾಡಿಸಿದಳು.

ಸೂಜಿ ಚೆನ್ನಾಗಿ ಕೂತವು. "ಇರಿವಿ ಕಡದಷ್ಟೂ ಇಲ್ಲಲ್ಲೋ ಯಪ್ಪಾ," ಎಂದಳು.

ಚಿದಂಬರ ತಂತಿ ಸಿಕ್ಕಿಸಿದ. ಗುಂಡಿಯ ಮೇಲೆ ಕೈ ಇಟ್ಟ.

ಗುರುಗಳು ಎದ್ದು ಗೋಡೆಯ ಪ್ಲಗ್ಗು ಕಿತ್ತರು. ಹೊರಗೆ ಹೋಗಿ ದ್ಯಾಮಣ್ಣನನ್ನು ಕರೆತಂದರು.

"ಆಗ ಏನೋ ಹೇಳಾಕ ಹೊಂಟಿದ್ದೆಲ್ಲಪಾ. ಹೇಳು."

"ಏನಿಲ್ರೀ. ಇಕಿ ಎದಿಯೊಳಗ ಡಾಕ್ಟರು ಗಡಿಯಾರ ಇಟ್ಟಾರ. ಅದು ನಿಂತರ ಇಕಿನೂ ನಿಲ್ತಾಳ ಅಂದಿದ್ರು. ಕರೆಂಟು ಅಂದ್ರ ಅಂಜಿಕಿ ನನಗ."

ಕಲ್ಲವ್ವ ಸೆರಗು ತುಸು ಸರಿಸಿದಳು. ಕತ್ತಿನ ಕೆಳಗೆ, ಚರ್ಮದಡಿ, ಕಡ್ಡಿಪೆಟ್ಟಿಗೆಯಷ್ಟು ಉಬ್ಬು.

ಚಿದಂಬರನ ಕೈ ಗುಂಡಿಯ ಮೇಲೇ ಇತ್ತು.

ಎದೆಬಡಿತ ನಡೆಸುವ ಯಂತ್ರ ಇದ್ದವರಿಗೆ ಕರೆಂಟು ಕೊಡಬಾರದು. ಅವನಿಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಬರೆದಿದ್ದ. ಪೂರ್ತಿ ಅಂಕ ಬಂದಿತ್ತು.

ದ್ಯಾಮಣ್ಣ ಹೆಂಡತಿಯ ಪಕ್ಕ ಕೂತು ಅವಳ ಸೆರಗು ಸರಿಮಾಡಿದ.

ಚಿದಂಬರ ಗುಂಡಿಯಿಂದ ಕೈ ತೆಗೆದು ಗುರುಗಳ ಕಡೆ ತಿರುಗಿದ.

"ಮೂರು ಸಾಲಿ ಸಾಕಾಗಲಿಲ್ರೀ. ನಾಕನೇದು ಎಲ್ಲೈತಿ ಹೇಳ್ರಿ, ಹೋಗಿ ಕಲೀತೀನಿ."

ಗುರುಗಳು ಸೂಜಿ ಒಂದೊಂದಾಗಿ ತೆಗೆಯುತ್ತಿದ್ದರು. ತಲೆ ಎತ್ತಲಿಲ್ಲ.

"ಅದನ್ನ ನೀ ಚಪ್ಪಲಿ ಪಕ್ಕ ಕುಂದ್ರಿಸಿ ಬಂದಿದ್ದೆಲ್ಲೋ."