ಬೋರಲಿಂಗ ತೋಳ ಆದದ್ದು

ಒಬ್ಬ ತಾಯಿ. ಅವಳಿಗೆ ಒಬ್ಬ ಮಗ. ಮಗ ಹೇಳಿದ್ದು ಮಾಡುತ್ತಿದ್ದ. ಹೇಳಿದ್ದನ್ನೇ ಮಾಡುತ್ತಿದ್ದ. ತಾಯಿಗೆ ಇದ್ದ ಚಿಂತೆ ಅದೇ.

ತಾಯಿ ಹೆಸರು ಕೆಂಚಮ್ಮ. ಅರಸೀಕೆರೆಯಲ್ಲಿ ಮುತ್ತುಗದ ಎಲೆ ಹಚ್ಚಿ ಮಾರುತ್ತಿದ್ದಳು. ಗಂಡ ಇರಲಿಲ್ಲ. ಮಗ ಬೋರಲಿಂಗ. ಇಪ್ಪತ್ತೆಂಟು ವಯಸ್ಸು. ಮೂಟೆ ಹೊರು ಅಂದರೆ ಹೊರುತ್ತಿದ್ದ. ಇಳಿಸು ಅನ್ನೋವರೆಗೂ ಹೊತ್ತೇ ನಿಂತಿರುತ್ತಿದ್ದ. ಹಾಲು ನೋಡ್ತಾ ಇರು ಅಂದರೆ ನೋಡುತ್ತಿದ್ದ. ಉಕ್ಕಿದರೂ ನೋಡುತ್ತಿದ್ದ. ಒಲೆ ಆರಿದರೂ ನೋಡುತ್ತಿದ್ದ.

"ಅಯ್ಯೋ ಮಂಕೆ! ಇಳಿಸಬಾರದಾ?"

"ನೋಡು ಅಂದೆ. ನೋಡಿದೆ."

ಅವನ ಜೊತೆ ಯಾರೂ ಸೇರುತ್ತಿರಲಿಲ್ಲ. ಅಮ್ಮನ ಜೊತೆ ಮಾತು. ಇಲ್ಲದಿದ್ದರೆ ಗೋಡೆ.

ಅವರ ಮನೆ ಹಿಂದಿನ ಬೀದಿಯಲ್ಲಿ ಇರ್ಷಾದ್ ಅಂತ ಒಬ್ಬ ಮಿಕ್ಸಿ ರಿಪೇರಿ ಮಾಡುತ್ತಿದ್ದ. ಅಂಗಡಿ ಮೇಲೆ ಒಂದು ಕೋಣೆ. ಹಿಂದೆ ಅಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಈಗ ಮೇಜು ಮಾತ್ರ ಇತ್ತು. ಭಾನುವಾರ ಮಧ್ಯಾಹ್ನ ಅಲ್ಲಿ ಒಂದು ಆಟ.

ಆ ಆಟಕ್ಕೆ ಹಲಗೆ ಇಲ್ಲ. ಇಸ್ಪೀಟ್ ಇಲ್ಲ. ಇರ್ಷಾದ್ ಕತೆ ಹೇಳುತ್ತಾನೆ. ಉಳಿದವರು ಕತೆಯೊಳಗಿನ ಜನ. ಒಬ್ಬೊಬ್ಬರಿಗೆ ಒಂದೊಂದು ಹಾಳೆ. ಹಾಳೆ ಮೇಲೆ ಕತೆಯೊಳಗಿನ ಹೆಸರು, ಬಲ, ಪ್ರಾಣ ಎಷ್ಟು ಉಳಿದಿದೆ, ಎಲ್ಲಾ ಬರೆದಿರುತ್ತೆ. ನಾನು ಇಂಥದ್ದು ಮಾಡ್ತೀನಿ ಅನ್ನಬೇಕು. ಇಪ್ಪತ್ತು ಮುಖದ ದಾಳ ಎಸೆಯಬೇಕು. ದೊಡ್ಡದು ಬಿದ್ದರೆ ಆಯಿತು. ಚಿಕ್ಕದು ಬಿದ್ದರೆ ಇಲ್ಲ. ಇಷ್ಟೇ ಆಟ.

ಆಡುತ್ತಿದ್ದವನೊಬ್ಬ ಬಳ್ಳಾರಿಗೆ ವರ್ಗ ಆಗಿ ಹೋದ. ಇರ್ಷಾದ್ ಬಂದು ಕೇಳಿದ. "ಚಿಕ್ಕಮ್ಮಾ, ಒಬ್ಬರು ಕಮ್ಮಿ ಬಿದ್ದಿದ್ದಾರೆ. ಬೋರನ್ನ ಕಳಿಸ್ತೀರಾ?"

ಕೆಂಚಮ್ಮನ ಕಣ್ಣಲ್ಲಿ ನೀರು ಬಂತು. ಯಾರೂ ಕೇಳಿರಲಿಲ್ಲ ಹಾಗೆ. ಮಗನ ತಲೆಗೆ ಎಣ್ಣೆ ಹಚ್ಚಿ ಬಾಚಿದಳು.

"ನೋಡು ಮಗಾ. ಇದೊಂದು ಜಾಗ ಉಳಿಸ್ಕೋ. ಅಲ್ಲಿ ಯಾರು ಏನು ಕೇಳಿದರೂ ಬೇಡ ಅನ್ನಬೇಡ."

"ಸರಿ ಅಮ್ಮಾ."

ಹೋದ. ಅಲ್ಲಿ ಇನ್ನಿಬ್ಬರಿದ್ದರು. ಬಟ್ಟೆ ಅಂಗಡಿಯ ಪುಷ್ಪದಂತ. ಆಟದಲ್ಲಿ ಅವನು ಬಿಲ್ಲುಗಾರ. ಆಸ್ಪತ್ರೆ ನರ್ಸು ರೋಸ್ಲಿನ್. ಆಟದಲ್ಲಿ ಅವಳು ಮಂತ್ರ ಹಾಕೋ ವೈದ್ಯಗಿತ್ತಿ. ಬೋರನಿಗೂ ಒಂದು ಹಾಳೆ ಕೊಟ್ಟರು. ಹೆಸರು ಕಬ್ಬಿಣರಾಯ. ಕುಲುಮೆ ಕೆಲಸದವನು.

ಇರ್ಷಾದ್ ಕತೆ ಶುರು ಮಾಡಿದ. "ಕಾಡು. ಪೊದೆ ಅಲ್ಲಾಡ್ತು. ತೋಳ ಬಂತು! ಸಾಮಾನ್ಯ ತೋಳ ಅಲ್ಲ. ಅದು ಕಚ್ಚಿದರೆ ಕಚ್ಚಿಸಿಕೊಂಡವನೂ ಹುಣ್ಣಿಮೆ ಹುಣ್ಣಿಮೆಗೆ ತೋಳ ಆಗ್ತಾನೆ. ಕಬ್ಬಿಣರಾಯಾ, ನಿನ್ನ ಕಾಲಿಗೇ ಬಾಯಿ ಹಾಕ್ತು. ಕಚ್ಚಿಸ್ಕೊಳ್ತೀಯಾ?"

ಬೋರ ಬೇಡ ಅನ್ನಲಿಲ್ಲ. "ಕಚ್ಚಲಿ," ಅಂದ.

"ದಾಳ ಎಸಿಯೋ! ತಪ್ಪಿಸ್ಕೊಳ್ಳೋ!" ಅಂತ ಪುಷ್ಪದಂತ ಎದ್ದು ನಿಂತ.

"ಬೇಡ ಅನ್ನಬಾರದು. ಆ ಕಾಲೂ ಕಚ್ಚಲಿ."

ಎರಡು ಕಾಲೂ ಕಚ್ಚಿತು. ಕಬ್ಬಿಣರಾಯ ತೋಳಮನುಷ್ಯ ಆದ.

ಬೋರ ಮನೆಗೆ ಬಂದು ಹೇಳಿದ. "ಅಮ್ಮಾ, ತೋಳ ಕಚ್ಚಿತು."

ಕೆಂಚಮ್ಮ ಎಲೆ ಬಿಸಾಕಿ ಎದ್ದಳು. ಕಾಲು ನೋಡಿದಳು. ಗಾಯ ಇಲ್ಲ. ಇನ್ನೊಂದು ಕಾಲು ನೋಡಿದಳು. ಅಲ್ಲೂ ಇಲ್ಲ. ಅವಳಿಗೆ ಏನೂ ತಿಳಿಯಲಿಲ್ಲ. ಆದರೂ ಬೈದಳು.

"ಥೂ ಪೆದ್ದೇ! ಬಾಯಿ ತೆಗೆದು ಮೈಮೇಲೆ ಬಂದರೆ ಸುಮ್ಮನಿರ್ತಾರಾ? ಬಾಯಿ ತೆಗೆದದ್ದೇ ತಡ, ಒಂದು ಬಾರಿಸಬೇಕು!"

"ಸರಿ ಅಮ್ಮಾ. ಇನ್ನು ಹಂಗೇ ಮಾಡ್ತೀನಿ."

ಮುಂದಿನ ಭಾನುವಾರ. ರೋಸ್ಲಿನ್ ಅಂದಳು, "ಪಾಪ, ಕಬ್ಬಿಣರಾಯನಿಗೆ ವಾಸಿ ಮಾಡ್ತೀನಿ. ಅವನ ಹತ್ತಿರ ಹೋಗ್ತೀನಿ. ಮಂತ್ರ ಹೇಳೋಕೆ ಬಾಯಿ ತೆಗೀತೀನಿ."

"ಬಾರಿಸ್ತೀನಿ!" ಅಂದ ಬೋರ.

"ಯಾರಿಗೋ?"

"ಬಾಯಿ ತೆಗೆದಳಲ್ಲಾ, ಅವಳಿಗೆ."

ದಾಳ ಎಸೆದ. ಇಪ್ಪತ್ತು ಬಿತ್ತು. ಹೊಸಬರ ಕೈಯಲ್ಲಿ ಇಪ್ಪತ್ತು ಬಿದ್ದದ್ದು ಆ ಮೇಜಿನ ಮೇಲೆ ಅದೇ ಮೊದಲು. ಇರ್ಷಾದ್ ತಲೆ ಚಚ್ಚಿಕೊಂಡ. ವೈದ್ಯಗಿತ್ತಿಗೆ ಮೂರು ಹಲ್ಲು ಹೋಯಿತು. ಮಂತ್ರ ಹೇಳಿದರೆ ಬರೀ ಗಾಳಿ.

ಬೋರ ಮನೆಗೆ ಬಂದ. "ಅಮ್ಮಾ, ರೋಸ್ಲಿನಕ್ಕನ ಮೂರು ಹಲ್ಲು ಉದುರಿಸಿದೆ."

"ಅಯ್ಯೋ ಶಿವನೇ!"

ಕೆಂಚಮ್ಮ ಲವಂಗ ತಗೊಂಡಳು. ಅರಿಶಿನ ತಗೊಂಡಳು. ಸೆರಗಲ್ಲಿ ಕಟ್ಟಿಕೊಂಡು ರೋಸ್ಲಿನ್ ಮನೆಗೆ ಓಡಿದಳು. ಬಾಗಿಲಲ್ಲಿ ರೋಸ್ಲಿನ್ ಕೂತು ಚಕ್ಕುಲಿ ಕಡಿಯುತ್ತಿದ್ದಳು. ಕಟಕಟ ಅಂತ.

"ತಾಯೀ, ಬಾಯಿ ತೆಗಿ ನೋಡೋಣ."

ತೆಗೆದಳು. ಕೆಂಚಮ್ಮ ಎಣಿಸಿದಳು. ಹಲ್ಲು ಎಲ್ಲಾ ಇತ್ತು.

"ಹೋದದ್ದು ಯಾವುದು?"

"ಹೋದದ್ದು ನನ್ನದಲ್ಲಮ್ಮಾ, ಆಟದೊಳಗಿನವಳದ್ದು. ತೋಳ ಆದದ್ದೂ ನಿಮ್ಮ ಮಗ ಅಲ್ಲ. ಆಟದೊಳಗಿನವನು. ಹುಣ್ಣಿಮೆ ಬಂದಾಗ ತೋಳನ್ನ ಕಟ್ಟಿಹಾಕಿಬಿಟ್ಟರೆ ಯಾರಿಗೂ ತೊಂದರೆ ಇಲ್ಲ, ಅಷ್ಟೇ."

ಕೆಂಚಮ್ಮ ಹೂಂ ಅಂದಳು. ದಾರಿಯುದ್ದ ಯೋಚನೆ ಮಾಡಿದಳು. ಇಲ್ಲದ ಹಲ್ಲು ಹೋಗಿದೆ. ಇರೋ ಹಲ್ಲು ಇದೆ. ಎಲ್ಲಿಂದ ಹಿಡಿದರೂ ಕೈಗೆ ಸಿಗಲಿಲ್ಲ. ಕೊನೆಗೆ ಕೈಗೆ ಸಿಕ್ಕಿದ್ದಷ್ಟನ್ನು ಮಗನಿಗೆ ಹೇಳಿದಳು.

"ಹೆಣ್ಣುಮಗಳ ಮೇಲೆ ಕೈ ಮಾಡ್ತೀಯಾ, ದಡ್ಡ! ಹೊಡೀಬಾರದು. ಹುಣ್ಣಿಮೆ ಬಂದ ತಕ್ಷಣ ತೋಳನ್ನ ಕಟ್ಟಿಹಾಕು. ಕೈಯೂ ಕಟ್ಟು, ಕಾಲೂ ಕಟ್ಟು."

"ಸರಿ ಅಮ್ಮಾ."

ಮೂರನೇ ಭಾನುವಾರ. ಇರ್ಷಾದ್ ಅಂದ, "ಹುಣ್ಣಿಮೆ ಬಂತು! ಕಬ್ಬಿಣರಾಯನಿಗೆ ಮೈಮೇಲೆ ಎಚ್ಚರ ಇಲ್ಲ. ಹಾಳೆ ನನ್ನ ಕೈಗೆ ಕೊಡು ಬೋರ. ಈಗಿನಿಂದ ತೋಳ ನಾನು."

"ತೋಳ ನೀನಾ?"

"ಹೂಂ, ನಾನೇ."

ಬೋರ ಎದ್ದ. ಎಲೆ ಕಟ್ಟು ಬಿಗಿಯೋ ಹುರಿ ತಂದಿದ್ದ. ಇರ್ಷಾದನ ಕೈ ಕಟ್ಟಿದ. ಕಾಲು ಕಟ್ಟಿದ. ಮೇಜಿನ ಕಾಲಿಗೆ ಬಿಗಿದ. ಮೂಟೆ ಹೊರೋ ಕೈ ಅದು. ಇರ್ಷಾದ್ ಕೊಸರಾಡಿದ.

"ಬಿಡೋ! ಏನೋ ಇದು! ಬಿಡೋ!"

"ತೋಳ ಹಂಗೇ ಅನ್ನುತ್ತೆ," ಅಂತ ಇನ್ನೊಂದು ಗಂಟು ಹಾಕಿದ.

ಕೆಳಗೆ ಗಿರಾಕಿ ಬಂದು ಕೂಗಿದ. "ಇರ್ಷಾದ್ ಭಾಯ್, ಮಿಕ್ಸಿ ಆಯ್ತಾ?" ಪುಷ್ಪದಂತ ನೆಲದ ಮೇಲೆ ಬಿದ್ದು ನಗುತ್ತಿದ್ದ. ರೋಸ್ಲಿನ್ ಆಸ್ಪತ್ರೆ ಕತ್ತರಿ ತೆಗೆದು ಹುರಿ ಕತ್ತರಿಸಿದಳು.

ಇರ್ಷಾದ್ ನಗಲಿಲ್ಲ. ಕೈ ಉಜ್ಜಿಕೊಂಡ. "ತೋಳ ನಾನಲ್ಲ ಮಾರಾಯ. ತೋಳ ಇಲ್ಲಿದೆ, ಇಲ್ಲಿ!" ಅಂತ ಹಾಳೆ ಕುಟ್ಟಿ ತೋರಿಸಿದ.

ಮನೆಯಲ್ಲಿ ಕೆಂಚಮ್ಮ ಬೈದಳು. "ಆಟಕ್ಕೆ ಕರೆದೋನನ್ನೇ ಕಟ್ಟಿದೆಯಾ! ಕಟ್ಟಿದರೆ ಯಾವ ಪ್ರಾಣಿ ಪಳಗುತ್ತೆ? ಅದಕ್ಕೆ ಹೊಟ್ಟೆ ತುಂಬ ಹಾಕು. ಹೊಟ್ಟೆ ತುಂಬಿದರೆ ಅದರ ಪಾಡಿಗೆ ಅದು ಇರುತ್ತೆ."

"ಸರಿ ಅಮ್ಮಾ."

ನಾಲ್ಕನೇ ಭಾನುವಾರ ಬೋರ ಡಬ್ಬಿ ತಂದ. ತೋಳ ಎಲ್ಲಿದೆ ಅಂತ ಅವನಿಗೆ ಈಗ ಗೊತ್ತು. ಹಾಳೆ ಬಿಡಿಸಿ ಮೇಜಿನ ಮೇಲೆ ಇಟ್ಟ. ಹಾಳೆ ಮೇಲೆ ರಾಗಿಮುದ್ದೆ ಇಟ್ಟ. ಮುದ್ದೆ ಮೇಲೆ ಹುರುಳಿಕಾಳು ಸಾರು ಸುರಿದ.

"ತಿನ್ನು," ಅಂದ.

ಬಲ ಕರಗಿತು. ಪ್ರಾಣ ಕರಗಿತು. ಹೆಸರು ಮಾತ್ರ ಅರ್ಧ ಉಳಿಯಿತು. ಕಬ್ಬಿ ಅಂತ. ಸಾರು ಹರಿದು ಪುಷ್ಪದಂತನ ಬಿಲ್ಲುಗಾರನನ್ನೂ ನೆನೆಸಿತು. ಅವನ ನಗು ನಿಂತಿತು.

"ಸಾಕು ಇರ್ಷಾದ್! ಇವನು ಬೇಡ. ನನ್ನ ಷಡ್ಡಕ ಇದ್ದಾನೆ. ಬಾ ಅಂದರೆ ಬರ್ತಾನೆ."

ಬೋರ ಡಬ್ಬಿ ಹಿಡಿದು ಮನೆಗೆ ಬಂದ. "ಅಮ್ಮಾ, ತೋಳ ತಿನ್ನಲಿಲ್ಲ. ಷಡ್ಡಕ ಬರ್ತಾನಂತೆ."

ಕೆಂಚಮ್ಮ ಈ ಸಲ ಬೈಯಲಿಲ್ಲ. ಕೂತಳು. ಎದ್ದಳು. ಹೋಗಿ ಇರ್ಷಾದನ ಕೈ ಹಿಡಿದು ಇನ್ನೊಂದು ಸಲ ಅಂತ ಕೇಳಿಕೊಂಡಳು. ಬಂದು ಮಗನಿಗೆ ಮೆಲ್ಲಗೆ ಹೇಳಿದಳು.

"ಮಗಾ, ತೋಳ ಆದಾಗ ನೀನು ಏನೂ ಮಾಡಬೇಡ. ಎದ್ದು ಹೊರಗೆ ಹೋಗು. ಮನುಷ್ಯ ಆದಮೇಲೆ ಬಾ."

"ಸರಿ ಅಮ್ಮಾ."

ಐದನೇ ಭಾನುವಾರ. ಹೊಸ ಹಾಳೆ ಬರೆದಿದ್ದರು. ಇರ್ಷಾದ್ ಹುಣ್ಣಿಮೆ ಅಂದ. ಬೋರ ಎದ್ದ. ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ಒಳಗೆ ಆಟ ಚೆನ್ನಾಗಿ ನಡೆಯಿತು. ಸಂಜೆ ಆಯಿತು. ಕತೆ ಅರ್ಧಕ್ಕೆ ನಿಲ್ಲಿಸಿ ಎಲ್ಲರೂ ಎದ್ದರು. ಕತೆಯಲ್ಲಿ ಹುಣ್ಣಿಮೆ ಇನ್ನೂ ಮುಗಿದಿರಲಿಲ್ಲ.

"ಏಳೋ ಬೋರ, ಮನೆಗೆ ನಡಿ," ಅಂದಳು ರೋಸ್ಲಿನ್.

"ನಾನಿನ್ನೂ ಮನುಷ್ಯ ಆಗಿಲ್ಲ."

ಕೆಂಚಮ್ಮ ಬಂದು ಕರೆದಳು. "ಬಾರೋ ಮಗಾ."

"ಆಗಿಲ್ಲಮ್ಮಾ."

ಸೋಮವಾರವೂ ಅಲ್ಲೇ. ಮಂಗಳವಾರವೂ ಅಲ್ಲೇ. ಅನ್ನ ತಂದಿಟ್ಟರೆ ತಿನ್ನುತ್ತಿದ್ದ. ಮನೆಗೆ ಮಾತ್ರ ಬರಲೊಲ್ಲ. ಬುಧವಾರ ಮಧ್ಯಾಹ್ನ ಕೆಂಚಮ್ಮ ಇರ್ಷಾದನ ಅಂಗಡಿಗೆ ಹೋದಳು. ಕೈ ಮುಗಿದಳು.

"ಇರ್ಷಾದಪ್ಪಾ, ನನ್ನ ಮಗನ್ನ ಮನುಷ್ಯ ಮಾಡಿಕೊಡಪ್ಪಾ."

"ಸುಮ್ಮನೆ ಆದೆ ಅಂದುಬಿಡ್ತೀನಿ ಚಿಕ್ಕಮ್ಮಾ." ಅವನು ಮೆಟ್ಟಿಲ ಕಡೆ ತಿರುಗಿ ಕೂಗಿದ. "ಬೋರಾ, ಮನುಷ್ಯ ಆದೆ ಕಣೋ!"

"ದಾಳ ಬಿದ್ದ ಸದ್ದು ಕೇಳಲಿಲ್ಲ," ಅಂದ ಬೋರ.

ಸರಿ, ಪುಷ್ಪದಂತನನ್ನೂ ರೋಸ್ಲಿನ್‌ಳನ್ನೂ ಕರೆಸಿದರು. ಮೇಜಿಗೆ ಕೂತರು. ಬೋರ ಒಳಗೆ ಬರೋ ಹಾಗಿಲ್ಲ. ಅವನ ಜಾಗದಲ್ಲಿ ಕೆಂಚಮ್ಮ ಕೂತಳು. ಇರ್ಷಾದ್ ನಿಯಮ ಹೇಳಿದ. "ಮೂರು ಎಸೆತ. ಒಂದರಲ್ಲಾದರೂ ಹದಿನೈದು ಇಲ್ಲಾ ಅದಕ್ಕಿಂತ ಮೇಲೆ ಬೀಳಬೇಕು. ಬೀಳದಿದ್ದರೆ ಬಿಲ್ಲುಗಾರ ಬೆಳ್ಳಿ ಬಾಣ ಬಿಡ್ತಾನೆ. ತೋಳ ಸಾಯುತ್ತೆ."

"ಸತ್ತರೆ?"

"ಸತ್ತರೆ ಆಟ ಮುಗೀತು. ಬೋರನ ಜಾಗ ಷಡ್ಡಕನಿಗೆ," ಅಂದ ಪುಷ್ಪದಂತ.

"ಅಯ್ಯೋ, ಜಾಗ ಹಾಳಾಗಲಿ! ಸತ್ತೆ ಅಂತ ಕೇಳಿಸಿಕೊಂಡರೆ ಅವನು ಸತ್ತಹಾಗೇ ಮಲಗಿಬಿಡ್ತಾನೆ ಕಣ್ರಪ್ಪಾ. ಉಸಿರೂ ಬಿಗಿಹಿಡೀತಾನೆ. ಆಮೇಲೆ ನಾನು ಯಾರನ್ನ ಏಳು ಅನ್ನಲಿ?"

ಪುಷ್ಪದಂತ ತಲೆ ತಗ್ಗಿಸಿದ.

ಕೆಂಚಮ್ಮ ದಾಳ ಎರಡು ಕೈಯಲ್ಲಿ ಮುಚ್ಚಿ ಗಲಗಲ ಕುಲುಕಿದಳು. ಚೌಕಾಬಾರದ ಕವಡೆ ಎಸೆದ ಹಾಗೆ ಎಸೆದಳು. ನಾಲ್ಕು. ಮತ್ತೆ ಎಸೆದಳು. ಒಂಬತ್ತು. ಮೂರನೇ ಸಲ ಕಣ್ಣು ಮುಚ್ಚಿ ಎಸೆದಳು. ಜೋರಾಗಿ ಹೋಯಿತು. ದಾಳ ಮೇಜು ದಾಟಿತು. ಹೊಸಲು ದಾಟಿತು. ಟಣ್ ಟಣ್ ಅಂತ ಮೆಟ್ಟಿಲಿಳಿದು ಬೋರನ ಕಾಲ ಹತ್ತಿರ ನಿಂತಿತು.

"ಮುಟ್ಟಬೇಡ!" ಅಂತ ನಾಲ್ಕೂ ಜನ ಕೂಗಿದರು.

ಮುಟ್ಟಲಿಲ್ಲ.

"ಏನು ಬಿದ್ದಿದೆ ನೋಡು!"

"ದಾಳ."

"ಅದು ಗೊತ್ತು! ಅದರ ಮೇಲೆ ಏನಿದೆ?"

"ಧೂಳು."

"ಅಂಕಿ ಹೇಳೋ, ಅಂಕಿ!"

"ಏಳಿದೆ. ಎರಡಿದೆ. ಹದಿಮೂರಿದೆ. ಆ ಪಕ್ಕದ್ದೂ ಹೇಳಲಾ?"

ಪುಷ್ಪದಂತನೇ ಓಡಿದ. ಮೆಟ್ಟಿಲ ಮೇಲೆ ಬಗ್ಗಿ ನೋಡಿದ. ಬೋರನ ಮುಖವನ್ನೂ ನೋಡಿದ. ಆಮೇಲೆ ಕಿರುಚಿದ. "ಹದಿನೆಂಟು! ಹದಿನೆಂಟು ಕಣ್ರೋ! ಏಳೋ ಬೋರ, ಮನುಷ್ಯ ಆದೆ!" ಅವನೇ ಕೈ ಹಿಡಿದು ಒಳಗೆ ಕರೆತಂದ. ಷಡ್ಡಕನ ಮಾತು ಮತ್ತೆ ಅವನ ಬಾಯಲ್ಲಿ ಬರಲಿಲ್ಲ.

ಕೆಂಚಮ್ಮ ಮಗನ ಮುಖ ಸವರಿದಳು. ಅತ್ತಳು. ಅಳುತ್ತಾ ಇನ್ನೊಂದು ಬುದ್ಧಿ ಹೇಳಿದಳು. "ಮಗಾ, ಇನ್ನಾದರೂ ನಿನ್ನ ಬುದ್ಧಿ ಬಿಡು. ಇವರು ಏನು ಹೇಳ್ತಾರೋ ಅದನ್ನ ಹೇಳಿದ ತಕ್ಷಣ ಮಾಡು. ಮೂರು ದಿನ ಆಯ್ತು ಮನೆ ಕಂಡು. ಮೊದಲು ಮನೆಗೆ ಹೋಗಿ ಊಟ ಮಾಡು. ನಾನು ಹಿಂದೇ ಬರ್ತೀನಿ."

ಬೋರ ಹೊರಟ. ಇರ್ಷಾದನಿಗೆ ಖುಷಿ ತಡೆಯಲಿಲ್ಲ. ಕತೆ ಮುಂದುವರಿಸಿದ. "ಕೋಟೆ ಹೊರಗೆ ನಲವತ್ತು ತೋಳ! ಕಬ್ಬಿಣರಾಯ ಬಾಗಿಲಿಗೆ ಭುಜ ಕೊಟ್ಟು ನಿಂತಿದ್ದಾನೆ!" ಆಮೇಲೆ ನೋಡಿದ. ಕಬ್ಬಿಣರಾಯ ಮೆಟ್ಟಿಲ ಹತ್ತಿರ ಚಪ್ಪಲಿ ಹಾಕುತ್ತಿದ್ದಾನೆ. "ಏ ಬೋರಾ! ತೋಳ ನುಗ್ತಾ ಇವೆ! ಬಾಗಿಲು ಹಾಕೋ! ಭದ್ರವಾಗಿ ಹಾಕೋ!"

ಬೋರ ಹೇಳಿದ ತಕ್ಷಣ ಮಾಡಿದ. ಕೋಣೆ ಬಾಗಿಲು ಎಳೆದ. ಹೊರಗಿನಿಂದ ಚಿಲಕ ಹಾಕಿದ. ಭದ್ರವಾಗಿ ಅಂದಿದ್ದರು. ಕೀ ಸಮೇತ ಅಲ್ಲೇ ನೇತಾಡುತ್ತಿದ್ದ ಬೀಗ ಜಡಿದ. ಕೀ ಜೇಬಿಗೆ ಹಾಕಿಕೊಂಡು ಮನೆಗೆ ಹೋದ. ಊಟಕ್ಕೆ ಕೂತ.

ಒಳಗೆ ನಾಲ್ವರೂ ಕಿಟಕಿಗೆ ಬಂದರು. ಇರ್ಷಾದ್ ಕೂಗಿದ. ರೋಸ್ಲಿನ್ ಕೂಗಿದಳು. ಕೆಂಚಮ್ಮ ಕೂಗಿದಳು. ಎಲ್ಲರಿಗಿಂತ ಜೋರಾಗಿ ಪುಷ್ಪದಂತ ಕೂಗಿದ. "ಬೋರಾ! ಬಾರಪ್ಪಾ! ನೀನಿಲ್ಲದೆ ಆಗಲ್ಲ ಬಾರೋ!"

ಬೋರನಿಗೆ ಕೂಗು ಕೇಳಿಸಿತು, ಮಾತು ತಿಳಿಯಲಿಲ್ಲ. ತುತ್ತು ಕೈಯಲ್ಲಿ ಹಾಗೇ ನಿಂತಿತು. ಯೋಚನೆ ಮಾಡಿದ.

"ನಾಲ್ಕೂ ಜನ ಇಷ್ಟು ಬಡ್ಕೋತಾರೆ ಅಂದರೆ," ಅಂದುಕೊಂಡ, "ತೋಳ ಬಂದೇ ಬಂದಿವೆ."

ಎದ್ದ. ಮನೆ ಬಾಗಿಲನ್ನೂ ಹಾಕಿ ಒಳಗಿನಿಂದ ಚಿಲಕ ಇಟ್ಟ.

ಅವರು ಬೀಗದ ಒಳಗೆ. ಅವನು ಚಿಲಕದ ಒಳಗೆ. ನೀವೂ ನಾನೂ ಬೀದಿಯಲ್ಲಿ.