ಮಾನಿಟರಿನೊಳಗಿನ ಮಿಂಚುಳ್ಳಿ

ಕೆರೆಯ ದಂಡೆಯಲ್ಲಿ ಛಾಯಾಗ್ರಾಹಕ ಚೆನ್ನವೀರ ಕ್ಯಾಮೆರಾ ನಿಲ್ಲಿಸಿ, ಅದರ ಮೇಲೊಂದು ಮಾನಿಟರ್ ಕೂರಿಸಿದ. ಬಿಸಿಲಲ್ಲಿ ಪರದೆ ಸರಿಯಾಗಿ ಕಾಣದೆ, ಅದಕ್ಕೂ ತನ್ನ ತಲೆಗೂ ಸೇರಿಸಿ ಕಪ್ಪು ಬಟ್ಟೆ ಹೊದಿಸಿದ.

ನೀರಿನ ನಡುವಿನ ಗೂಟದ ಮೇಲಿದ್ದ ಮಿಂಚುಳ್ಳಿ ಕೇಳಿತು, "ಇವನು ಆ ಬಟ್ಟೆಯೊಳಗೆ ಏನನ್ನು ನೋಡುತ್ತಿದ್ದಾನೆ?"

"ನಿನ್ನನ್ನೇ," ಎಂದಿತು ಮಾನಿಟರ್. "ನನ್ನೊಳಗೆ ನೀನು ಇನ್ನೂ ದೊಡ್ಡದಾಗಿ, ಇನ್ನೂ ನೀಲಿಯಾಗಿ ಕಾಣುತ್ತೀಯೆ."

ಮಿಂಚುಳ್ಳಿ ಹಾರಿ ಬಂದು ಮಾನಿಟರಿನ ಮೇಲೆ ಕುಳಿತು, ಬಟ್ಟೆಯ ಸಂದಿಯಲ್ಲಿ ಇಣುಕಿತು. "ಇಲ್ಲಿ ಬರೀ ಗೂಟವಿದೆ. ನಾನೆಲ್ಲಿ?"

"ನೋಡಲು ಬಂದೆಯಲ್ಲ, ಅದಕ್ಕೇ ಇಲ್ಲ."

ಬಟ್ಟೆಯೊಳಗೆ ಚೆನ್ನವೀರ ನಿಟ್ಟುಸಿರಿಟ್ಟ. "ಛೆ, ಹಾರಿಹೋಯಿತು. ಮೂರು ದಿನ ಕಾದಿದ್ದೆ."

"ಬಟ್ಟೆ ತೆಗೆ ಮಾರಾಯ, ನನ್ನ ಕೊಕ್ಕು ನಿನ್ನ ಹಣೆಗೆ ತಗಲುತ್ತಿದೆ," ಎಂದಿತು ಮಿಂಚುಳ್ಳಿ.

ಅವನು ಪರದೆಯಲ್ಲೇ ಹುಡುಕುತ್ತಿದ್ದ.